ಗಂಟೆ ಹೊಡೆದರೂ ಕೂತವರು

ಬಸವನಗುಡಿಯ ಆ ಕಾಲೇಜಿನಲ್ಲಿ ನನ್ನನ್ನು ಯಾರಾದರೂ ಕೂರಲು ಹೇಳಿದ್ದು ಅದೇ ಮೊದಲು. ದಸರಾ ರಜೆ ಮುಗಿದ ವಾರ. ಮಧ್ಯಾಹ್ನದ ಪಾಠ ಮುಗಿಸಿ, ಬೋರ್ಡು ಅಳಿಸಿ, ಡಸ್ಟರನ್ನು ಚೀಲಕ್ಕೆ ಹಾಕಿಕೊಂಡು ಹೊರಟಿದ್ದೆ. ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕರೆಯುತ್ತಾರೆ ಎಂದು ಅಟೆಂಡರ್ ಬಂದು ಹೇಳಿದ. ಕಾರ್ಯದರ್ಶಿಗಳು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು, ಮೃದು ಮಾತಿನವರು. ನಾನು ಬಾಗಿಲಲ್ಲೇ ನಿಂತೆ.

"ಬನ್ನಿ ಬನ್ನಿ, ಕೂತ್ಕೊಳ್ಳಿ. ಕಾಫಿ ತಗೋತೀರಾ?"

"ಚಾಮರಾಜಪೇಟೆಗೆ ಹೊರಡಬೇಕು ಸಾರ್. ಸಂಜೆ ಕಾಲೇಜಿದೆ."

"ಅದಕ್ಕೇ ಕರೆಸಿದ್ದು. ಬೆಳಿಗ್ಗೆ ಮಲ್ಲೇಶ್ವರ, ಮಧ್ಯಾಹ್ನ ಇಲ್ಲಿ, ಸಂಜೆ ಅಲ್ಲಿ. ಎಷ್ಟು ವರ್ಷ ಅಂತ ಓಡಾಡ್ತೀರಿ? ನಮ್ಮಲ್ಲೇ ಇದ್ದುಬಿಡಿ. ಗಣಿತದ ಪೀರಿಯಡ್‌ಗಳು ಖಾಲಿಯಾಗಿವೆ. ನಿಮ್ಮಂಥ ಶಿಸ್ತಿನವರು ನಮಗೆ ಬೇಕು."

ಖಾಲಿ ಹೇಗಾದವು ಎಂದು ಕೇಳಿದೆ. ಅವರು ಕಾಫಿ ಲೋಟವನ್ನು ನನ್ನ ಕಡೆಗೆ ಸರಿಸಿದರು.

"ನಿಮ್ಮ ಡಿಪಾರ್ಟ್‌ಮೆಂಟಿನ ಆ ಮೇಡಂ. ಬಾಣಂತಿ ಅಲ್ವಾ, ಪಾಪ. ಮನೇಲಿ ಮಗು ನೋಡ್ಕೊಂಡಿರ್ಲಿ."

ಆ ಮೇಡಂ ನನಗಿಂತ ಬಹಳ ಚಿಕ್ಕವರು, ನನ್ನ ಹಾಗೆಯೇ ಅರೆಕಾಲಿಕ ಉಪನ್ಯಾಸಕಿ. ಕಲನಶಾಸ್ತ್ರವನ್ನು ಅವರಷ್ಟು ನಿಧಾನವಾಗಿ, ಅವರಷ್ಟು ತಿಳಿಯಾಗಿ ಹೇಳಿಕೊಡುವವರನ್ನು ನಾನು ಕಂಡಿರಲಿಲ್ಲ. ಬೇಸಗೆಯಲ್ಲಿ ಹೆರಿಗೆಗೆ ಹೋಗುವಾಗ "ದಸರಾ ಆದ್ಮೇಲೆ ಬರ್ತೀನಿ ಸಾರ್" ಎಂದು ಪ್ರಾಂಶುಪಾಲರಿಗೆ ಹೇಳಿ, ಅವರು ತಲೆಯಾಡಿಸಿದ್ದನ್ನು ನಂಬಿ ಹೋಗಿದ್ದರು. ಅರೆಕಾಲಿಕರಿಗೆ ಹೆರಿಗೆ ರಜೆ ಇರಲಿಲ್ಲ. ಪಾಠ ಮಾಡಿದ ಪೀರಿಯಡ್‌ಗೆ ಮಾತ್ರ ಸಂಬಳ, ಮಾಡದಿದ್ದ ದಿನ ನಾವು ಇಲ್ಲ. ಒಮ್ಮೆ ವೇಳಾಪಟ್ಟಿಯಿಂದ ಜಾರಿದವರನ್ನು ಮತ್ತೆ ಕರೆಯುವ ವಾಡಿಕೆಯೂ ಇರಲಿಲ್ಲ. ಆ ಪೀರಿಯಡ್‌ಗಳು ನನ್ನ ಹೆಸರಿಗೆ ಬಂದರೆ ಅವರ ಅಧ್ಯಾಪನ ಅಲ್ಲಿಗೆ ಮುಗಿದಂತೆ. ಬರುವ ತಿಂಗಳ ಆರಂಭಕ್ಕೆ ತಿಳಿಸುತ್ತೇನೆಂದು ಹೇಳಿ, ಕಾಫಿಯನ್ನು ಅರ್ಧ ಕುಡಿದು ಎದ್ದೆ.

ನಿಜ ಹೇಳಬೇಕೆಂದರೆ, ಆ ಮಾತು ನನಗೆ ಹಿತವಾಗಿಯೇ ಕೇಳಿಸಿತ್ತು. ನಾನು ಬೆಳೆದದ್ದು ಉಚಿತ ವಿದ್ಯಾರ್ಥಿನಿಲಯದಲ್ಲಿ. ಏಳುವುದಕ್ಕೆ ಒಂದು ಗಂಟೆ, ಪ್ರಾರ್ಥನೆಗೆ ಒಂದು, ಊಟಕ್ಕೆ ಒಂದು. ಗಂಟೆಗೆ ಸರಿಯಾಗಿ ಪಂಕ್ತಿಯಲ್ಲಿ ಇರದವನಿಗೆ ಅನ್ನವಿರಲಿಲ್ಲ. ಆ ಶಿಸ್ತೇ ನನ್ನನ್ನು ಮೂರು ಕಾಲೇಜುಗಳ ನಡುವೆ ಎಂದೂ ತಡವಾಗದಂತೆ ಓಡಾಡಿಸಿತ್ತು. ಸ್ವಂತ ಸೀಮೆಸುಣ್ಣದ ಡಬ್ಬಿ, ಸ್ವಂತ ಡಸ್ಟರ್, ಕೊಡೆ, ಬಸ್ ನಿಲ್ದಾಣದಲ್ಲಿ ನಿಂತು ತಿನ್ನುವ ತಣ್ಣಗಿನ ಉಪ್ಪಿಟ್ಟು. ಸ್ಟಾಫ್ ರೂಮಿನ ಕುರ್ಚಿಗಳೆಲ್ಲ ಕಾಯಂ ಅಧ್ಯಾಪಕರವು. ಒಂದೇ ಕಡೆ, ಒಂದೇ ಕುರ್ಚಿ ಎಂಬುದನ್ನು ಕಲ್ಪಿಸಿಕೊಳ್ಳುತ್ತಾ ಆ ಸಂಜೆ ಚಾಮರಾಜಪೇಟೆಯವರೆಗೂ ನಡೆದೇ ಹೋದೆ.

ಮಾವಳ್ಳಿಯ ಮನೆಯಲ್ಲಿ ಹೆಂಡತಿಗೆ ವಿಷಯ ಹೇಳಿದೆ.

"ಒಳ್ಳೇದಾಯ್ತಲ್ಲ. ಇಲ್ಲಿಂದ ಹತ್ರ. ಮಧ್ಯಾಹ್ನ ಮನೇಗೇ ಬಂದು ಬಿಸಿ ಊಟ ಮಾಡಬಹುದು," ಎಂದಳು. ಆಮೇಲೆ ಕೇಳಿದಳು: "ಅದು ಯಾರ ಪೀರಿಯಡ್ ಅಂದ್ರಿ?"

ಹೇಳಿದೆ.

"ಆ ಹುಡುಗೀದಾ? ಸೀಮಂತಕ್ಕೆ ಕರೆದು ಎಲೆ ಅಡಿಕೆ ಕೊಟ್ಟಳಲ್ಲ, ಅವಳದಾ?" ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿಟ್ಟು ನನ್ನ ಕಡೆ ತಿರುಗಿದಳು. "ಒಪ್ಕೊಳ್ಳೋದು ಬಿಡೋದು ನಿಮಗೆ ಸೇರಿದ್ದು. ಆದ್ರೆ ಆ ಬಿಸಿ ಊಟ ಬಡಿಸೋಕೆ ನನ್ನ ಕೈಲಿ ಆಗಲ್ಲ ನೋಡಿ."

ಮರುದಿನ ಬೆಳಿಗ್ಗೆ ಸಂಪಿಗೆ ರಸ್ತೆಯ ಬಸ್ ನಿಲ್ದಾಣದಲ್ಲಿ ಸಂಘದ ಸಂಚಾಲಕರನ್ನು ನಾನೇ ಹುಡುಕಿಕೊಂಡು ಹೋದೆ. ಅವರು ಭೌತಶಾಸ್ತ್ರದ ಅರೆಕಾಲಿಕ ಉಪನ್ಯಾಸಕರು. ಅರೆಕಾಲಿಕರ ಸಂಘ ಕಟ್ಟುತ್ತೇನೆಂದು ಹಳೆಯ ಸ್ಕೂಟರಿನಲ್ಲಿ ಊರೆಲ್ಲ ಸುತ್ತುತ್ತಿದ್ದರು. ನಮ್ಮಂಥವರು ಯಾವ ಕಾಲೇಜಿನಲ್ಲೂ ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಬಸ್ ನಿಲ್ದಾಣಗಳಲ್ಲೇ ಕಾದು ಸದಸ್ಯರನ್ನು ಸೇರಿಸುತ್ತಿದ್ದರು. ಹಿಂದೆ ಅವರು ನನ್ನನ್ನು ಕೇಳಿದಾಗಲೆಲ್ಲ ಟೈಮಿಲ್ಲ ಎಂದಿದ್ದೆ. "ಟೈಮಿಲ್ಲ ಅಂತಾನೇ ಸಾರ್ ಸಂಘ!" ಎಂದು ಅವರು ನಗುತ್ತಿದ್ದರು.

ಈಗ ನಾನೇ ಬಾಯಿಬಿಟ್ಟು ಸೇರುತ್ತೇನೆಂದಾಗ ಅವರು ಸ್ಕೂಟರಿನ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು ಕೈಮುಗಿದರು. ಮೇಡಂ ವಿಷಯ ಕೇಳಿದ ಮೇಲೆ ಅವರ ಮುಖದ ನಗು ಹೋಯಿತು.

"ಸಾರ್, ಇದನ್ನ ಬಿಟ್ರೆ ನಾವು ಸಂಘ ಅಂತ ಹೆಸರಿಟ್ಕೊಂಡು ಪ್ರಯೋಜನ ಇಲ್ಲ. ಎಲ್ಲರನ್ನೂ ಒಂದು ಕಡೆ ಸೇರಿಸ್ಬೇಕು. ಇವತ್ತಿನವರೆಗೂ ಒಂದು ಸಭೆ ಮಾಡೋಕಾಗಿಲ್ಲ ನನಗೆ. ನೀವು ಗಣಿತದವರು, ಎಲ್ಲರಿಗೂ ಬಿಡುವಿರೋ ಒಂದು ಗಂಟೆ ಹುಡುಕಿಕೊಡಿ."

ಇದು ನನಗೆ ಒಗ್ಗುವ ಕೆಲಸ. ಸದಸ್ಯರ ವೇಳಾಪಟ್ಟಿಗಳನ್ನೆಲ್ಲ ತರಿಸಿಕೊಂಡೆ. ದೊಡ್ಡ ಗ್ರಾಫ್ ಹಾಳೆಗಳನ್ನು ಅಂಟಿಸಿ, ಅಡ್ಡಕ್ಕೆ ವಾರದ ಗಂಟೆಗಳು, ಉದ್ದಕ್ಕೆ ಜನ ಎಂದು ಚೌಕದ ಮನೆಗಳನ್ನು ಹಾಕಿದೆ. ಪಾಠವಿರುವ ಮನೆಗೆ ನೀಲಿ, ಬಸ್ಸಿನಲ್ಲಿರುವ ಮನೆಗೆ ಕೆಂಪು, ಅದರೊಳಗೆ ಎಲ್ಲಿಂದ ಎಲ್ಲಿಗೆ ಎಂಬ ಬರಹ, ಮನೆಪಾಠವಿದ್ದರೆ ಹಸಿರು. ಬಿಡುವು ಬಿಳಿಯಾಗಿ ಉಳಿಯಬೇಕು. ತುಂಬಿ ಮುಗಿಸಿದ ಮೇಲೆ ಹಾಳೆಯನ್ನು ಗೋಡೆಗೆ ಆನಿಸಿ ದೂರ ನಿಂತು ನೋಡಿದೆ. ಎಲ್ಲರಿಗೂ ಒಟ್ಟಿಗೆ ಬಿಳಿಯಾದ ಒಂದೇ ಒಂದು ಮನೆ ಇರಲಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ಕೆಂಪು. ಹಾಳೆಯ ತುಂಬ ಕೆಂಪು ಮನೆಗಳು ಒಂದರ ಕೆಳಗೊಂದು ಸಾಲುಗಟ್ಟಿದ್ದವು. ಮಲ್ಲೇಶ್ವರದಿಂದ ಬಸವನಗುಡಿಗೆ ಒಬ್ಬಂಟಿಯಾಗಿ ಓಡುತ್ತಿದ್ದೇನೆಂದು ನಾನು ತಿಳಿದಿದ್ದೆ. ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಇಷ್ಟು ಜನ! ಎಷ್ಟೋ ಸಲ ಒಂದೇ ಬಸ್ಸಿನ ಒಂದೇ ಕಂಬಿ ಹಿಡಿದು ನಿಂತಿದ್ದಿರಬೇಕು, ಪರಸ್ಪರ ಗುರುತಿಲ್ಲದೆ.

ಕಡೆಗೆ, ಅತಿ ಕಡಿಮೆ ಜನರಿಗೆ ತೊಂದರೆಯಾಗುವ ಹೊತ್ತೆಂದು ಶನಿವಾರ ಮಧ್ಯಾಹ್ನವನ್ನು ಆರಿಸಿದೆ. ಚಾಮರಾಜಪೇಟೆಯ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದ ಸಂಚಾಲಕರ ಅತ್ತಿಗೆ ಒಂದು ಕೊಠಡಿ ಕೊಟ್ಟರು. ಸಣ್ಣ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತೆವು. ಸಂಚಾಲಕರು ಮಾತು ಶುರುಮಾಡಿದರು. ಮೇಡಂ ಕೂಡ ಬಂದಿದ್ದರು, ಮುಂದಿನ ಬೆಂಚಿನಲ್ಲಿದ್ದರು. ಎಲ್ಲರೂ ಗಮನವಿಟ್ಟು ಕೇಳುತ್ತಿದ್ದೆವು. ಆಗ ಪಕ್ಕದ ಹೈಸ್ಕೂಲಿನಲ್ಲಿ, ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿಯದೋ ಏನೋ, ಗಂಟೆ ಹೊಡೆಯಿತು.

ಎಲ್ಲರೂ ಎದ್ದೆವು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊಡೆ, ಚೀಲ, ಊಟದ ಡಬ್ಬಿ ತೆಗೆದುಕೊಂಡೆವು. ಮಾತಾಡುತ್ತಿದ್ದ ಸಂಚಾಲಕರು ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ, ಬೋರ್ಡು ಅಳಿಸಿ, ಹೆಲ್ಮೆಟ್ ಕೈಗೆ ತೆಗೆದುಕೊಂಡರು. ಮೊದಲು ಗೇಟು ಮುಟ್ಟಿದವನು ನಾನು. ರಸ್ತೆಗೆ ಕಾಲಿಟ್ಟ ಮೇಲೆ ಹಿಂದಿನಿಂದ ವಾಣಿಜ್ಯಶಾಸ್ತ್ರದವರೊಬ್ಬರ ದನಿ ಕೇಳಿತು:

"ರೀ, ನಿಂತ್ಕೊಳ್ರೀ! ಯಾವ ಕ್ಲಾಸಿಗೆ ಹೋಗ್ತಿದೀವಿ ನಾವು?"

ಮೊದಲು ಮೇಡಂ ನಕ್ಕರು. ಆಮೇಲೆ ಎಲ್ಲರೂ, ಗೇಟಿಗೆ ಆತುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಆದರೆ ಅಷ್ಟರಲ್ಲಿ ನನ್ನನ್ನೂ ದಾಟಿ ಓಡಿದ್ದ ಕೆಲವರು ಬಸ್ಸು ಹತ್ತಿಯಾಗಿತ್ತು. ಅವರು ತಿರುಗಿ ಬರಲಿಲ್ಲ. ಸಭೆ ಮುರಿದುಬಿತ್ತು. ಎರಡೇ ದಿನಕ್ಕೆ ಈ ಕತೆ ಎಲ್ಲ ಸ್ಟಾಫ್ ರೂಮುಗಳನ್ನು ತಲುಪಿತು. ನಮ್ಮ ಅಟೆಂಡರ್ ಕೂಡ ನನ್ನನ್ನು ಕಂಡು, "ಗಂಟೆ ಮೆತ್ತಗೆ ಹೊಡೀಲಾ ಸಾರ್, ನಿಮ್ಮ ಸಂಘಕ್ಕೆ ತೊಂದ್ರೆ ಆಗುತ್ತೇನೋ?" ಎಂದ. ಕಾರ್ಯದರ್ಶಿಗಳಿಗೂ ಗೊತ್ತಾಗಿತ್ತು. ಕಾರಿಡಾರಿನಲ್ಲಿ ಎದುರಾದಾಗ ನಕ್ಕು, "ಯೋಚನೆ ಮಾಡಿದ್ರಾ?" ಎಂದಷ್ಟೇ ಕೇಳಿದರು.

ಅಂದು ಮನೆಗೆ ಬಂದು ಹಾಳೆಯನ್ನು ಮತ್ತೆ ಬಿಡಿಸಿದೆ. ಅನುಕೂಲದ ಹೊತ್ತನ್ನು ಹುಡುಕಿದ್ದೇ ತಪ್ಪೆಂದು ಆಗ ಹೊಳೆಯಿತು. ಅನುಕೂಲದ ಹೊತ್ತಿಗೆ ಬಂದವರು ಹೊತ್ತು ಮುಗಿದ ಕೂಡಲೇ ಏಳುತ್ತಾರೆ. ಅವರು ಕೊಟ್ಟದ್ದು ಬಿಡುವನ್ನು, ಬಿಡುವಿಗೆ ಒಂದು ಕೊನೆ ಇರುತ್ತದೆ. ಮನೆಗಳನ್ನು ಇನ್ನೊಂದು ಕ್ರಮದಲ್ಲಿ ನೋಡತೊಡಗಿದೆ. ಬಿಳಿಯನ್ನು ಬಿಟ್ಟು ನೀಲಿಯನ್ನು ಹುಡುಕಿದೆ. ಬುಧವಾರ ಮಧ್ಯಾಹ್ನ ಹೆಚ್ಚುಕಡಿಮೆ ಎಲ್ಲರ ಮನೆಯೂ ನೀಲಿಯಾಗಿದ್ದ ಒಂದು ಪೀರಿಯಡ್ ಸಿಕ್ಕಿತು. ಅದನ್ನು ಸಂಚಾಲಕರಿಗೆ ತೋರಿಸಿದೆ.

"ಸಾರ್, ಎಲ್ಲರಿಗೂ ಅನನುಕೂಲ ಆಗೋ ಟೈಮನ್ನ ಹುಡುಕಿದೀರಲ್ಲ!"

"ಹೌದು. ಬಸವನಗುಡಿ ಕಾಲೇಜಿಗೇ ಹೋಗಿ ಕೂರೋಣ. ಅವತ್ತು ಬರಬೇಕಾದ್ರೆ ಪ್ರತಿಯೊಬ್ಬರೂ ಒಂದು ಪೀರಿಯಡ್ ಬಿಟ್ಟು ಬರಬೇಕು. ಒಬ್ಬರಿಗೆ ಜಾಸ್ತಿ ಒಬ್ಬರಿಗೆ ಕಮ್ಮಿ ಅನ್ನೋದು ಬೇಡ. ಬಿಟ್ಟು ಬಂದೋರು ಗಂಟೆಗೆ ಏಳಲ್ಲ."

"ಎದ್ದುಬಿಟ್ರೆ?"

"ಎದ್ರೆ ಸಂಘ ಇಲ್ಲ, ಅಷ್ಟೇ."

ಅವರು ಹಾಳೆಯ ನೀಲಿ ಮನೆಗಳ ಮೇಲೆ ಬೆರಳಾಡಿಸಿದರು. ಬರುವವರಿಗೆ ತಮ್ಮ ತಮ್ಮ ಕಾಲೇಜುಗಳಲ್ಲಿ ಏನಾಗಬಹುದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಹೇಳದೆ ಪಾಠ ತಪ್ಪಿಸಿದರೆಂದು ಕೈಬಿಡಲು ಅದೊಂದೇ ಕಾರಣ ಸಾಕಾಗಿತ್ತು. "ಎಷ್ಟು ಜನ ಬರ್ತಾರೋ ನೋಡೇಬಿಡೋಣ," ಎಂದರು.

ನಾನು ಹೋಗಿ ಕಾರ್ಯದರ್ಶಿಗಳಿಗೆ ಹೇಳಿದೆ: ಆ ಪೀರಿಯಡ್‌ಗಳು ನನಗೆ ಬೇಡ, ಬುಧವಾರ ನಮ್ಮ ಸಂಘದವರು ನಿಮ್ಮನ್ನು ಕಾಣಲು ಬರುತ್ತಾರೆ, ನಾನೂ ಅವರಲ್ಲೊಬ್ಬ. ಅವರಿಗೆ ಬೇಸರವಾದದ್ದು ಕಂಡಿತು. "ಇಬ್ಬರು ಬನ್ನಿ, ಮಾತಾಡೋಣ. ಗುಂಪು ಕಟ್ಟಿಕೊಂಡು ಬೇಡ," ಎಂದರು. ಎಲ್ಲರೂ ಬರುತ್ತೇವೆ ಸಾರ್, ಎಂದೆ. ಹಾಗೆ ಹೇಳುವಾಗ ಎಷ್ಟು ಜನ ಎಂಬುದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಬುಧವಾರ ನಾನೂ ಸಂಚಾಲಕರೂ ಹೊತ್ತಿಗೆ ಮೊದಲೇ ಬಂದು, ಖಾಲಿಯಿದ್ದ ದೊಡ್ಡ ಹಾಲಿನಲ್ಲಿ ಕೂತೆವು. ಆ ಹಾಲಿನಲ್ಲಿ ಎರಡು ವಿಭಾಗಗಳನ್ನು ಸೇರಿಸಿ ಗಣಿತ ಹೇಳುವ ವಾಡಿಕೆ, ಗೋಡೆಯ ಉದ್ದಕ್ಕೂ ಕರಿಹಲಗೆ. ಮೇಡಂ ಬಂದರು. ಅವರ ತಾಯಿ ಕೂಸನ್ನು ಎತ್ತಿಕೊಂಡು ಹೊರಗೆ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತರು. ಬೇರೆ ಯಾರೂ ಇಲ್ಲ. ಸಂಚಾಲಕರು ಬಾಗಿಲಿಗೂ ಕಿಟಕಿಗೂ ಓಡಾಡಿದರು.

"ಸಾರ್, ನನ್ನ ಸಲುವಾಗಿ ಅವರೆಲ್ಲ ಯಾಕೆ ಪಾಠ ಬಿಡಬೇಕು? ಬರದಿದ್ರೆ ತಪ್ಪೇನಿಲ್ಲ," ಎಂದರು ಮೇಡಂ.

"ಸುಮ್ನಿರಮ್ಮ ಸ್ವಲ್ಪ," ಎಂದೆ. ನನ್ನ ದನಿ ನನಗೇ ಗಡುಸಾಗಿ ಕೇಳಿತು.

ಆಮೇಲೆ ಒಬ್ಬರು ಬಂದರು, ಕೊಡೆ ಮಡಚುತ್ತಾ. ಅವರ ಹಿಂದೆ ಇನ್ನಿಬ್ಬರು. ಗೇಟಿನ ಬಳಿ ಆಟೋ ನಿಂತು ಅದರಿಂದ ನಾಲ್ವರು ಒತ್ತೊತ್ತಾಗಿ ಇಳಿದರು. ಮೆಜೆಸ್ಟಿಕ್ ಕಡೆಯ ಬಸ್ಸು ಬಂದು ನಿಂತಾಗ ಅಲ್ಲಿಂದ ಇಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ನೀವೂನಾ? ಅಯ್ಯೋ, ದಿನಾ ನೋಡ್ತೀನಲ್ಲ ನಿಮ್ಮನ್ನ!" ಎನ್ನುತ್ತಾ ಒಟ್ಟಿಗೆ ರಸ್ತೆ ದಾಟಿದರು. ಬೆಂಚುಗಳು ತುಂಬಿದವು. ಹಿಂದೆ ಗೋಡೆಗೆ ಒರಗಿ ನಿಲ್ಲುವಷ್ಟು ಜನ. ಇಷ್ಟು ಮಂದಿ ಅಧ್ಯಾಪಕರು ಒಟ್ಟಿಗೆ, ಸುಮ್ಮನೆ ಕೂತಿದ್ದನ್ನು ನಾನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ.

ಒಳಗೆ ಬಂದವರು ಬೋರ್ಡಿನ ಮೇಲೆ ಈ ಹೊತ್ತಿಗೆ ತಾವು ಎಲ್ಲಿ ಇರಬೇಕಾಗಿತ್ತು ಎಂದು ಬರೆಯಲಿ ಎಂಬುದು ಸಂಚಾಲಕರ ಯೋಚನೆ. ನನ್ನ ಡಬ್ಬಿಯ ಸೀಮೆಸುಣ್ಣ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರಾಗಿ ಬರೆದರು. ಮಲ್ಲೇಶ್ವರ, ಎರಡನೇ ಬಿಕಾಂ, ಲೆಕ್ಕಶಾಸ್ತ್ರ. ಚಾಮರಾಜಪೇಟೆ, ಮೊದಲ ಬಿಎ, ಐಚ್ಛಿಕ ಕನ್ನಡ. ಬರೆದಂತೆಲ್ಲ ನಾನು ಮುಂದಕ್ಕೆ ಬಾಗಿ ನೋಡತೊಡಗಿದೆ. ಆ ಬರವಣಿಗೆಗಳು ನನಗೆ ಗೊತ್ತಿದ್ದವು. ಒತ್ತಕ್ಷರವನ್ನು ತೀರ ಕೆಳಕ್ಕೆ ಎಳೆಯುವ ಈ ಕೈ, ಪದದ ಕೊನೆಗೆ ಸೀಮೆಸುಣ್ಣವನ್ನು ಒತ್ತಿ ಚುಕ್ಕೆ ಇಡುವ ಆ ಕೈ. ಮೂರು ಕಾಲೇಜುಗಳಲ್ಲಿ ನನಗಿಂತ ಮುಂಚಿನ ಪೀರಿಯಡ್‌ನವರು ಅಳಿಸದೆ ಓಡಿಹೋಗಿದ್ದ ಬೋರ್ಡುಗಳನ್ನು ವರ್ಷಗಟ್ಟಲೆ ಅಳಿಸಿದ್ದವನು ನಾನು, ಪ್ರತಿ ಸಲವೂ ಗೊಣಗುತ್ತಾ. ಅವರೇ ಇವರು. ಬಸ್ಸು ತಪ್ಪುತ್ತದೆಂದು ಓಡಿದವರು. ಅಕ್ಷರಗಳಿಗೆ ಈಗ ಮುಖ ಬಂದಿತ್ತು.

ಕಾರ್ಯದರ್ಶಿಗಳು ಬಾಗಿಲಿಗೆ ಬಂದವರು ಹೊಸಿಲಲ್ಲೇ ನಿಂತರು. ಜನವನ್ನು ನೋಡಿದರು. ಸಂಚಾಲಕರು ಒಂದೇ ಮಾತು ಹೇಳಿದರು: ಮೇಡಂ ಪೀರಿಯಡ್‌ಗಳು ಮೇಡಂಗೆ ವಾಪಸ್ಸು ಬರಬೇಕು, ಅಲ್ಲಿಯವರೆಗೆ ಕೂತಿರುತ್ತೇವೆ. ಕಾರ್ಯದರ್ಶಿಗಳು ಕೈಗಡಿಯಾರ ನೋಡಿಕೊಂಡು ನಕ್ಕರು. ಆ ನಗೆಯಲ್ಲಿ ಕುಹಕಕ್ಕಿಂತ ಸಲಿಗೆಯೇ ಹೆಚ್ಚಿತ್ತು.

"ಎಲ್ಲಿಯವರೆಗೆ ಅಂತ ನನಗೆ ಗೊತ್ತಿದೆ. ಏನಪ್ಪಾ, ಟೈಮಾಯ್ತಲ್ಲ, ಗಂಟೆ ಹೊಡಿ," ಎಂದು ಅಟೆಂಡರಿಗೆ ಹೇಳಿದರು.

ವರಾಂಡದಲ್ಲಿ ತೂಗುಹಾಕಿದ್ದ ಕಂಚಿನ ತಟ್ಟೆಗೆ ಅವನು ಕೊಡತಿಯಿಂದ ಹೊಡೆದ. ಎಂದಿಗಿಂತ ಜೋರಾಗಿಯೇ ಹೊಡೆದ.

ನನ್ನ ಕಾಲುಗಳು ಬಿಗಿದವು. ಹಿಮ್ಮಡಿ ನೆಲ ಬಿಟ್ಟಿತು. ಹಾಸ್ಟೆಲಿನ ಪಂಕ್ತಿ, ಅನ್ನದ ಪಾತ್ರೆ ಎಲ್ಲ ಕಣ್ಣ ಮುಂದೆ ಬಂದವು. ಬೆಂಚಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ. ಹಾಲಿನ ತುಂಬ ಬೆಂಚುಗಳು ಕಿರುಗುಟ್ಟಿದ್ದು ಕೇಳಿತು. ಕೊಡೆಯ ಹಿಡಿಗಳ ಮೇಲೆ ಬೆರಳುಗಳು ಬಿಗಿಯಾದವು. ಮುಂದಿನ ಸಾಲಿನಲ್ಲಿ ವಾಣಿಜ್ಯಶಾಸ್ತ್ರದವರು ಅರ್ಧ ಎದ್ದರು, ಪಕ್ಕದವರು ಅವರ ಮೊಣಕಾಲಿನ ಮೇಲೆ ಕೈಯಿಟ್ಟರು, ಅವರು ಕೂತರು. ಗಂಟೆಯ ದನಿ ಕಂಬಗಳ ನಡುವೆ ಸುತ್ತಿ ಸುತ್ತಿ ಸಣ್ಣದಾಗಿ ನಿಂತಿತು. ಒಬ್ಬರೂ ಏಳಲಿಲ್ಲ.

ಕೊಠಡಿಗಳಿಂದ ಹೊರಬಂದ ವಿದ್ಯಾರ್ಥಿಗಳು ಕಿಟಕಿಗಳ ಹೊರಗೆ ಗುಂಪಾದರು. ಗಂಟೆಗೆ ಎದ್ದದ್ದು ಕಲ್ಲುಬೆಂಚಿನ ಮೇಲೆ ನಿದ್ದೆಯಲ್ಲಿದ್ದ ಕೂಸು ಒಂದೇ. ಅದು ಕಿರುಚಿ ಅಳತೊಡಗಿತು. ಮೇಡಂ ಬಾಗಿಲ ಕಡೆ ನೋಡಿದರು, ಆದರೆ ಕದಲಲಿಲ್ಲ. ಅವರ ತಾಯಿ ಕೂಸನ್ನು ಒಳಗೇ ತಂದು ಮಡಿಲಿಗೆ ಹಾಕಿದರು. ಮೇಡಂ ಕೂಸಿನ ಮೇಲೆ ಸೆರಗು ಹೊದಿಸಿಕೊಂಡರು. ಅಳು ನಿಂತಿತು.

ದೇವಸ್ಥಾನಗಳಲ್ಲಿ, ಬೆಟ್ಟದ ತುದಿಗಳಲ್ಲಿ ಜನರಿಗೆ ಆಗುತ್ತದೆಂದು ಹೇಳುವ ಅನುಭವ ನನಗೆ ಆ ಹಾಲಿನಲ್ಲಿ, ಆ ನಿಶ್ಶಬ್ದದಲ್ಲಿ ಆಯಿತು. ಅದಕ್ಕಿಂತ ಹೆಚ್ಚು ವಿವರಿಸಲು ನನಗೆ ಬಾರದು.

ಕಾರ್ಯದರ್ಶಿಗಳು ಒಳಗೆ ಬಂದು ಬೋರ್ಡಿನ ಮುಂದೆ ನಿಂತು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಕೆಲವು ಸಾಲುಗಳನ್ನು ಮತ್ತೊಮ್ಮೆ ಓದಿದರು.

"ಇಷ್ಟು ಜನ... ಒಬ್ಬರ ಪೀರಿಯಡ್‌ಗೋಸ್ಕರ ನಿಮ್ಮ ನಿಮ್ಮ ಪೀರಿಯಡ್ ಬಿಟ್ಟು ಬಂದಿದೀರಾ?"

ಅವರು ಮೇಡಂ ಕಡೆ ತಿರುಗಿದರು. ಕೂಸಿನ ಕಾಲು ಸೆರಗಿನಿಂದ ಹೊರಗೆ ಕಾಣುತ್ತಿತ್ತು.

"ಸೋಮವಾರದಿಂದ ಬಾಮ್ಮ. ಮೊದಲಿದ್ದ ಪೀರಿಯಡ್‌ಗಳೇ," ಎಂದರು. ಪ್ರಾಂಶುಪಾಲರನ್ನು ಅಲ್ಲಿಗೇ ಕರೆಸಿ ವೇಳಾಪಟ್ಟಿ ತಿದ್ದಿಸಿದರು. ಆಮೇಲೆ ನಮಗೆ ಕೈಮುಗಿದು, "ಇನ್ನು ಹೊರಡಿ, ಆಯ್ತಲ್ಲ," ಎಂದು ಹೋದರು.

ಆದರೂ ಯಾರೂ ಏಳಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತಾ ಕೂತೆವು. ಗಂಟೆಯಿಲ್ಲದೆ ಹೇಗೆ ಏಳುವುದೆಂದೇ ನಮಗೆ ತಿಳಿಯಲಿಲ್ಲವೇನೋ. ಅಟೆಂಡರ್ ಕೊಡತಿ ಹಿಡಿದುಕೊಂಡೇ ಬಾಗಿಲಿಂದ ತಲೆ ಹಾಕಿದ.

"ಇನ್ನೊಂದ್ಸಲ ಹೊಡೀಲಾ ಸಾರ್?"

ಹಾಲೇ ಹಾರಿಹೋಗುವಂತೆ ನಕ್ಕೆವು. "ಬೇಡಪ್ಪ, ಸ್ವಲ್ಪ ಹೊತ್ತು ಹಿಂಗೇ ಕೂತಿರ್ತೀವಿ," ಎಂದರು ಮೇಡಂ.

ಅದಕ್ಕೆ ಬೆಲೆ ತೆತ್ತದ್ದೂ ಉಂಟು. ಸಂಚಾಲಕರಿಗೆ ಮಲ್ಲೇಶ್ವರದ ಕಾಲೇಜಿನಲ್ಲಿ ನಾಳೆಯಿಂದ ಬರುವುದು ಬೇಡವೆಂದರು. ಐಚ್ಛಿಕ ಕನ್ನಡದವರಿಗೂ ಹಾಗೆಯೇ ಆಯಿತು. ಅವರಿಗಾಗಿ ಸಂಘ ಇನ್ನೆರಡು ಕಡೆ ಹೀಗೆಯೇ ಕೂತಿತು, ಒಂದು ಕಡೆ ಗೆದ್ದಿತು, ಒಂದು ಕಡೆ ಇಲ್ಲ. ನಮ್ಮಲ್ಲಿ ಹೆಚ್ಚಿನವರು ಕಡೆಯವರೆಗೂ ಕಾಯಂ ಆಗಲಿಲ್ಲ. ನಾನು ಮೂರು ಕಾಲೇಜುಗಳ ನಡುವೆ ಓಡಾಡುತ್ತಲೇ ಇದ್ದೆ. ಆದರೆ ಅಂದಿನಿಂದ ಬಸ್ಸಿನ ಕಂಬಿ ಹಿಡಿದವರಲ್ಲಿ ಪರಿಚಯದವರು ಇರುತ್ತಿದ್ದರು.

ಆ ಬುಧವಾರ ಎಲ್ಲರೂ ಹೋದ ಮೇಲೆ ನಾನೊಬ್ಬನೇ ಬೋರ್ಡಿನ ಮುಂದೆ ನಿಂತಿದ್ದೆ. ಮುಂದಿನವರಿಗೆ ಅಳಿಸದ ಬೋರ್ಡು ಬಿಟ್ಟುಹೋಗಬಾರದೆಂಬುದು ನನ್ನ ನಿಯಮ. ಚೀಲದಿಂದ ಡಸ್ಟರ್ ತೆಗೆದೆ. ಕೈ ಎತ್ತಿದೆ. ಮತ್ತೆ ಅದನ್ನು ಚೀಲಕ್ಕೇ ಹಾಕಿಕೊಂಡು ಬಂದೆ.

ಸೋಮವಾರ ಮೇಡಂ ಅವರ ಮೊದಲ ಪೀರಿಯಡ್ ಅದೇ ಹಾಲಿನಲ್ಲಿತ್ತು. ನಾನು ಹೊರಗೆ ಕಾರಿಡಾರಿನಲ್ಲಿದ್ದೆ. ಬೋರ್ಡಿನ ಬರಹ ಹಾಗೆಯೇ ಇತ್ತು. ಅಟೆಂಡರ್ ಕೂಡ ಮುಟ್ಟಿರಲಿಲ್ಲ, ನಡುವೆ ಪಾಠ ಮಾಡಿದವರೂ ಮುಟ್ಟಿರಲಿಲ್ಲ. ಮೇಡಂ ಡಸ್ಟರ್ ಹಿಡಿದು ಬಾಗಿಲಿಗೆ ಬಂದರು.

"ಸಾರ್, ಏನು ಮಾಡ್ಲಿ ಇದನ್ನ?"

"ನಿಮ್ಮ ಪೀರಿಯಡ್ ಮೇಡಂ. ನಿಮ್ಮಿಷ್ಟ."

ಅವರು ಒಳಗೆ ಹೋದರು. ಬಲಗಡೆಯ ಮೂಲೆಯಲ್ಲಿ, ಎರಡು ಸಾಲುಗಳ ನಡುವೆ ಬರಹವಿಲ್ಲದ ಒಂದಿಷ್ಟು ಜಾಗವಿತ್ತು. ಅದರಲ್ಲೇ ಸಣ್ಣ ಅಕ್ಷರಗಳಲ್ಲಿ ಆ ದಿನದ ಲೆಕ್ಕ ಶುರುಮಾಡಿದರು. ಹಿಂದಿನ ಬೆಂಚಿನವರು ಕಾಣುವುದಿಲ್ಲವೆಂದು ಎದ್ದು ಮುಂದೆ ಬಂದು, ನೆಲದ ಮೇಲೆ ಕೂತು ಬರೆದುಕೊಂಡರು.